ಆಂಟಿಆಕ್ಸಿಡೆಂಟ್ ಅಳತೆಯ ಅಂಕಿಯನ್ನು ಓದುವ ಬಗೆ

ಈಚಿನ ಕೆಲವು ವರ್ಷಗಳಿಂದ ನಮ್ಮ ತೊಗರ್ಸಿ, ಶಿರಾಳಕೊಪ್ಪ, ಆನವಟ್ಟಿ ಸೀಮೆಯ ಅಂಗಡಿಗಳಲ್ಲಿ ಮಾರಾಟವಾಗುವ ಚೂರ್ಣ, ಹಣ್ಣಿನ ರಸ, ಗಿಡಮೂಲಿಕೆ ಚಹಾಗಳ ಡಬ್ಬಿಗಳ ಮೇಲೆ ‘ಆಂಟಿಆಕ್ಸಿಡೆಂಟ್’ ಎಂಬ ಪದ ಎದ್ದು ಕಾಣುವಂತೆ ಅಚ್ಚಾಗಿರುತ್ತದೆ. ಕೆಲವು ಡಬ್ಬಿಗಳ ಮೇಲೆ ಅದರ ಪಕ್ಕದಲ್ಲಿ ಒಂದು ಅಂಕಿಯೂ, ಪ್ರಯೋಗಾಲಯದಲ್ಲಿ ಪರೀಕ್ಷಿಸಲಾಗಿದೆ ಎಂಬ ಒಕ್ಕಣೆಯೂ ಇರುತ್ತವೆ. ಚಿಕಿತ್ಸೆಗಾಗಿ ನಮ್ಮಲ್ಲಿಗೆ ಬರುವವರು ಅಂಥ ಡಬ್ಬಿಯನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: “ಡಾಕ್ಟ್ರೇ, ಇದನ್ನ ತಗೊಂಡ್ರೆ ಸಕ್ಕರೆ ಮಾತ್ರೆ ಬಿಡಬಹುದಾ?” ಹೀಗೆ ಕೇಳುವವರ ವಿಷಯದಲ್ಲಿ ನಮಗೆ ಚಿಂತೆಯಿಲ್ಲ. ಕೇಳದೆಯೇ ಮಾತ್ರೆ ಬಿಟ್ಟವರದ್ದೇ ಚಿಂತೆ. ತಿಂಗಳುಗಟ್ಟಲೆ ಮಾತ್ರೆ ನಿಲ್ಲಿಸಿ, ಕಾಲಿನ ಹುಣ್ಣು ಮಾಯದೆ ಕೊಳೆಯತೊಡಗಿದ ಮೇಲೆ ಬಂದವರನ್ನು ನಾವು ಕಂಡಿದ್ದೇವೆ.

ಡಬ್ಬಿಯ ಮೇಲಿನ ಅಂಕಿ ಸುಳ್ಳೆಂದು ಹೇಳಿದರೆ ಅವರು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಏಕೆಂದರೆ ಅನೇಕ ವೇಳೆ ಆ ಅಂಕಿ ಸುಳ್ಳಾಗಿರುವುದಿಲ್ಲ. ಅದು ಯಾವುದನ್ನು ಅಳೆದು ಬಂದ ಅಂಕಿ ಎಂಬುದು ಮಾತ್ರ ಡಬ್ಬಿಯ ಮೇಲೆ ಇರುವುದಿಲ್ಲ. ಆ ಅಳತೆ ಹೇಗೆ ನಡೆಯುತ್ತದೆ ಎಂಬುದನ್ನು ತಿಳಿದವರು ಅಂಕಿಗೆ ಮಾರುಹೋಗುವುದಿಲ್ಲ, ಅದನ್ನು ಹೀಗಳೆಯುವುದೂ ಇಲ್ಲ. ಆದ್ದರಿಂದ ಈ ಸಂಚಿಕೆಯಲ್ಲಿ ಅಳತೆಯ ವಿಚಾರವನ್ನೇ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇವೆ.

ಹೆಚ್ಚಿದ ಬಾಳೆಕಾಯಿ ಗಾಳಿಗೆ ಕಪ್ಪಾಗುತ್ತದೆ. ಕೊಬ್ಬರಿ ಎಣ್ಣೆ ಹಳೆಯದಾದರೆ ಕಮಟು ವಾಸನೆ ಹಿಡಿಯುತ್ತದೆ. ಕುಡುಗೋಲು ತುಕ್ಕುಗಟ್ಟುತ್ತದೆ. ಮೂರರ ಹಿಂದೆಯೂ ಇರುವುದು ಆಮ್ಲಜನಕದ ಕೈವಾಡ. ಒಂದು ವಸ್ತು ತನ್ನ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುವ ಈ ಕ್ರಿಯೆಯನ್ನು ಉತ್ಕರ್ಷಣ ಎನ್ನುತ್ತಾರೆ. ನಮ್ಮ ದೇಹದ ಜೀವಕೋಶಗಳು ಅನ್ನವನ್ನು ಉರಿಸಿ ಶಕ್ತಿ ಪಡೆಯುವಾಗಲೂ ಇದು ನಡೆಯುತ್ತದೆ. ಆಗ ಅಲ್ಪ ಪ್ರಮಾಣದಲ್ಲಿ ಜೋಡಿಯಿಲ್ಲದ ಎಲೆಕ್ಟ್ರಾನನ್ನು ಹೊತ್ತ ಕಣಗಳು ಹುಟ್ಟುತ್ತವೆ. ಇವೇ ಮುಕ್ತ ರಾಡಿಕಲ್‌ಗಳು. ಜೋಡಿಗಾಗಿ ಪಕ್ಕದ ಅಣುವಿನಿಂದ ಎಲೆಕ್ಟ್ರಾನನ್ನು ಕಿತ್ತುಕೊಳ್ಳುವುದು ಅವುಗಳ ಸ್ವಭಾವ. ಹಾಗೆ ಕಿತ್ತುಕೊಳ್ಳುವ ಮೊದಲೇ ತಾನಾಗಿ ಎಲೆಕ್ಟ್ರಾನನ್ನು ಕೊಟ್ಟು ಅವನ್ನು ಶಾಂತಗೊಳಿಸುವ ವಸ್ತುವೇ ಉತ್ಕರ್ಷಣ ನಿರೋಧಕ, ಅಂದರೆ ಆಂಟಿಆಕ್ಸಿಡೆಂಟ್.

ಇಲ್ಲಿ ಎರಡು ಮಾತು ಸೇರಿಸಬೇಕು. ಮುಕ್ತ ರಾಡಿಕಲ್‌ಗಳೆಲ್ಲ ನಮ್ಮ ಶತ್ರುಗಳಲ್ಲ. ರಕ್ತದ ಬಿಳಿಕಣಗಳು ರೋಗಾಣುಗಳನ್ನು ಕೊಲ್ಲುವುದು ಇವುಗಳ ನೆರವಿನಿಂದಲೇ. ಇನ್ನೊಂದು, ಇವು ಮಿತಿಮೀರದಂತೆ ಕಾಯುವ ಏರ್ಪಾಡನ್ನು ದೇಹ ತನ್ನೊಳಗೇ ಮಾಡಿಕೊಂಡಿದೆ. ಆ ಕೆಲಸ ಮಾಡುವ ಸೂಪರಾಕ್ಸೈಡ್ ಡಿಸ್ಮ್ಯುಟೇಸ್ ಎಂಬ ಕಿಣ್ವವನ್ನು 1969ರಲ್ಲಿ ಮೆಕಾರ್ಡ್ ಮತ್ತು ಫ್ರಿಡೋವಿಚ್ ಎಂಬ ವಿಜ್ಞಾನಿಗಳು ಗುರುತಿಸಿದರು. ಕೆಟಲೇಸ್, ಗ್ಲುಟಾಥಯೋನ್ ಮೊದಲಾದವು ಅದರ ಸಂಗಡಿಗರು. ಡಬ್ಬಿಯ ಚೂರ್ಣ ಬರುವವರೆಗೆ ದೇಹವೇನೂ ನಿರಾಯುಧವಾಗಿ ಕುಳಿತಿರಲಿಲ್ಲ.

ಇನ್ನು ಅಳತೆಯ ವಿಷಯ. ಎಲೆಯನ್ನೋ ತೊಗಟೆಯನ್ನೋ ನೆರಳಿನಲ್ಲಿ ಒಣಗಿಸಿ ಪುಡಿಮಾಡುತ್ತಾರೆ. ಆ ಪುಡಿಯನ್ನು ಹೆಚ್ಚಾಗಿ ಮೆಥನಾಲ್ ಎಂಬ ದ್ರಾವಕದಲ್ಲಿ ನೆನೆಸಿ ಅಥವಾ ಸಾಕ್ಸ್‌ಲೆಟ್ ಎಂಬ ಗಾಜಿನ ಉಪಕರಣದಲ್ಲಿ ಮರಳಿಸಿ, ಸೋಸಿ, ದ್ರಾವಕವನ್ನು ಆವಿಮಾಡಿ ತೆಗೆಯುತ್ತಾರೆ. ತಳದಲ್ಲಿ ಉಳಿಯುವ ಅಂಟು ಪದಾರ್ಥವೇ ಸಾರ. ಅದನ್ನು ತೂಗಿ, ಗೊತ್ತಾದ ಪ್ರಮಾಣದಲ್ಲಿ ಮತ್ತೆ ಕರಗಿಸಿಕೊಳ್ಳುತ್ತಾರೆ.

ಪರೀಕ್ಷೆಗಳಲ್ಲಿ ಎಲ್ಲಕ್ಕಿಂತ ಬಳಕೆಯಲ್ಲಿರುವುದು ಡಿಪಿಪಿಎಚ್ ಎಂಬ ರಾಸಾಯನಿಕದ ಪರೀಕ್ಷೆ. ಇದೊಂದು ಮುಕ್ತ ರಾಡಿಕಲ್. ಆದರೆ ದೇಹದೊಳಗೆ ಹುಟ್ಟುವ, ಕ್ಷಣಾರ್ಧದಲ್ಲಿ ಮಾಯವಾಗುವ ಜಾತಿಯದಲ್ಲ. ಕಾರ್ಖಾನೆಯಲ್ಲಿ ತಯಾರಾಗಿ ಸೀಸೆಯಲ್ಲಿ ತಿಂಗಳುಗಟ್ಟಲೆ ಹಾಗೆಯೇ ಕುಳಿತಿರುವ ಸಾಧು ರಾಡಿಕಲ್. ಮೆಥನಾಲಿನಲ್ಲಿ ಕರಗಿಸಿದರೆ ಗಾಢ ನೇರಳೆ ಬಣ್ಣ ಬರುತ್ತದೆ. ಅದಕ್ಕೆ ಎಲೆಕ್ಟ್ರಾನು ಕೊಡಬಲ್ಲ ಸಾರವನ್ನು ಸೇರಿಸಿದರೆ ನೇರಳೆ ಮಾಸುತ್ತ ಮಾಸುತ್ತ ತಿಳಿ ಹಳದಿಯಾಗುತ್ತದೆ. ಬ್ಲೋಯ್ಸ್ ಎಂಬ ವಿಜ್ಞಾನಿ 1958ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಈ ವಿಧಾನವನ್ನು ಪ್ರಕಟಿಸಿದನು. ಬಣ್ಣ ಎಷ್ಟು ಮಾಸಿತೆಂಬುದನ್ನು ಕಣ್ಣಂದಾಜಿನಲ್ಲಿ ಹೇಳದೆ, ಸ್ಪೆಕ್ಟ್ರೋಫೋಟೋಮೀಟರ್ ಎಂಬ ಯಂತ್ರದಲ್ಲಿ 517 ನ್ಯಾನೋಮೀಟರ್ ಅಲೆಯುದ್ದದ ಬೆಳಕನ್ನು ಹಾಯಿಸಿ ಎಷ್ಟು ಬೆಳಕನ್ನು ದ್ರಾವಣ ನುಂಗಿತೆಂದು ಅಳೆಯುತ್ತಾರೆ.

ಲೆಕ್ಕ ಬಹಳ ಸರಳ. ಸಾರ ಸೇರಿಸದ ನೇರಳೆ ದ್ರಾವಣದ ಅಳತೆ 0.800 ಬಂದಿತೆನ್ನಿ. ಸಾರ ಸೇರಿಸಿ ಅರ್ಧ ಗಂಟೆ ಕತ್ತಲಲ್ಲಿಟ್ಟ ಮೇಲೆ ಅದು 0.320ಕ್ಕೆ ಇಳಿಯಿತೆನ್ನಿ. ಇಳಿದದ್ದು 0.480, ಮೂಲದ 0.800ಕ್ಕೆ ಹೋಲಿಸಿದರೆ ಶೇಕಡ 60. ಇದೇ ಪರೀಕ್ಷೆಯನ್ನು ಸಾರದ ಬೇರೆ ಬೇರೆ ಪ್ರಮಾಣಗಳಲ್ಲಿ ಮಾಡಿ, ಬಣ್ಣವನ್ನು ಸರಿಯಾಗಿ ಅರ್ಧಕ್ಕಿಳಿಸಲು ಎಷ್ಟು ಸಾರ ಬೇಕೆಂದು ಕಂಡುಕೊಳ್ಳುತ್ತಾರೆ. ಆ ಪ್ರಮಾಣಕ್ಕೆ ಐಸಿ50 ಎಂದು ಹೆಸರು. ಒಂದು ಸಾರದ ಐಸಿ50 ಮಿಲಿಲೀಟರಿಗೆ 20 ಮೈಕ್ರೋಗ್ರಾಂ, ಇನ್ನೊಂದರದ್ದು 200 ಎಂದಾದರೆ ಬಲಶಾಲಿ ಯಾವುದು? 20ರದ್ದು, ಏಕೆಂದರೆ ಅದು ಸ್ವಲ್ಪದರಲ್ಲೇ ಕೆಲಸ ಮುಗಿಸಿತು. ಈ ಅಂಕಿ ಚಿಕ್ಕದಾದಷ್ಟೂ ಶಕ್ತಿ ದೊಡ್ಡದು. ದೊಡ್ಡ ಅಂಕಿ ಕಂಡು ಹಿಗ್ಗುವ ಮೊದಲು ಅದು ಯಾವ ಬಗೆಯ ಅಂಕಿ ಎಂದು ಕೇಳಬೇಕಾದ ಮೊದಲ ಕಾರಣ ಇದು.

ಎರಡನೆಯ ಕಾರಣ, ಆ ಅಂಕಿ ಎಲೆಯದ್ದಲ್ಲ, ಸಾರದ್ದು. 100 ಗ್ರಾಂ ಒಣ ಎಲೆಯಿಂದ 10 ಗ್ರಾಂ ಸಾರ ಬಂದಿತೆಂದು ಇಟ್ಟುಕೊಂಡರೆ, ಪರೀಕ್ಷೆಯಲ್ಲಿ ಕಂಡ ಶಕ್ತಿ ಎಲೆಯ ಪುಡಿಯಲ್ಲಿ ಹತ್ತನೆಯ ಒಂದು ಭಾಗ ಮಾತ್ರ. ಡಬ್ಬಿಯಲ್ಲಿ ತುಂಬಿರುವುದು ಪುಡಿ. ಮೇಲೆ ಬರೆದಿರುವುದು ಸಾರದ ಅಂಕಿ. ಅದೂ ಮೆಥನಾಲ್ ಸಾರದ್ದು. ಮೆಥನಾಲ್ ಕುಡಿದರೆ ಕಣ್ಣು ಹೋಗುತ್ತದೆ, ಪ್ರಾಣವೂ ಹೋಗುತ್ತದೆ. ನಾವು ಮನೆಯಲ್ಲಿ ಮಾಡುವುದು ನೀರಿನ ಕಷಾಯ. ಶಾರ್ಙ್ಗಧರ ಸಂಹಿತೆಯಂತೆ ಒಂದು ಪಲ ದ್ರವ್ಯಕ್ಕೆ ಹದಿನಾರು ಪಟ್ಟು ನೀರು ಹಾಕಿ, ಮಂದಾಗ್ನಿಯಲ್ಲಿ ಎಂಟನೆಯ ಒಂದು ಭಾಗಕ್ಕೆ ಇಳಿಸಬೇಕು. ನೀರಿಗೆ ಇಳಿಯುವ ಅಂಶಗಳೇ ಬೇರೆ, ಮೆಥನಾಲಿಗೆ ಇಳಿಯುವ ಅಂಶಗಳೇ ಬೇರೆ. ಇಷ್ಟು ಹೊತ್ತು ಕುದಿಯುವಾಗ ಕೆಲವು ಅಂಶಗಳು ಕೆಡುತ್ತವೆ, ಕೆಲವು ಹೊಸದಾಗಿ ಹುಟ್ಟುತ್ತವೆ. ಒಂದರ ಅಂಕಿಯನ್ನು ಇನ್ನೊಂದಕ್ಕೆ ಹಚ್ಚುವುದು ಕಬ್ಬಿನ ತೂಕವನ್ನು ಬೆಲ್ಲಕ್ಕೆ ಹೇಳಿದಂತೆ.

ಡಿಪಿಪಿಎಚ್ ಒಂದೇ ಅಲ್ಲದೆ ಬೇರೆ ಪರೀಕ್ಷೆಗಳೂ ಇವೆ. ಎಬಿಟಿಎಸ್ ಎಂಬುದರಲ್ಲಿ ನೀಲಿಹಸಿರು ಬಣ್ಣ ಮಾಸುವುದನ್ನು ನೋಡುತ್ತಾರೆ. 1996ರಲ್ಲಿ ಹಾಂಗ್‌ಕಾಂಗಿನಿಂದ ಪ್ರಕಟವಾದ ಫ್ರಾಪ್ ಪರೀಕ್ಷೆಯಲ್ಲಿ ಇದು ತಿರುವುಮುರುವು. ಸಾರವು ಕಬ್ಬಿಣದ ಅಯಾನಿಗೆ ಎಲೆಕ್ಟ್ರಾನು ಕೊಟ್ಟಷ್ಟೂ ನೀಲಿ ಗಾಢವಾಗುತ್ತದೆ. ಫೋಲಿನ್ ಮತ್ತು ಸಿಯೋಕಾಲ್ಟೂ ಎಂಬ ಇಬ್ಬರು 1927ರಲ್ಲಿ ರೂಪಿಸಿದ ದ್ರಾವಣದಿಂದ ಫಿನಾಲ್ ವರ್ಗದ ಅಂಶಗಳ ಒಟ್ಟು ಪ್ರಮಾಣವನ್ನು ಅಂದಾಜಿಸುತ್ತಾರೆ. ಆದರೆ ಅದು ಸಿ ಜೀವಸತ್ವವನ್ನು ಕಂಡರೂ ನೀಲಿಯಾಗುತ್ತದೆ. ಒಂದೇ ಸಾರ ಒಂದು ಪರೀಕ್ಷೆಯಲ್ಲಿ ಮೊದಲನೆಯದಾಗಿ, ಇನ್ನೊಂದರಲ್ಲಿ ನಾಲ್ಕನೆಯದಾಗಿ ನಿಲ್ಲಬಹುದು. ನಮ್ಮ ಮುರುಗಲಿನಂಥ ಕೆಂಪು ಹಣ್ಣಿನ ಸಾರದಲ್ಲಿ ಇನ್ನೊಂದು ತೊಡಕು. ಅದರ ಕೆಂಪು ಬಣ್ಣವೇ 517ರ ಆಸುಪಾಸಿನ ಬೆಳಕನ್ನು ನುಂಗುತ್ತದೆ. ಆ ಬಣ್ಣವನ್ನು ಪ್ರತ್ಯೇಕವಾಗಿ ಅಳೆದು ಕಳೆಯದಿದ್ದರೆ ಹಣ್ಣಿನ ನಿಜವಾದ ಶಕ್ತಿಗಿಂತ ಕಡಿಮೆ ಅಂಕಿ ಬರುತ್ತದೆ. ಅಳೆಯುವ ಕೈ ಪಳಗಿರಬೇಕು.

ಈ ಕ್ರಿಯೆಯನ್ನು ಮನೆಯಲ್ಲೇ ನೋಡಬಯಸುವ ವಿದ್ಯಾರ್ಥಿಗಳು ಒಂದು ಪ್ರಯೋಗ ಮಾಡಬಹುದು. ಗಂಜಿಯ ತಿಳಿಯನ್ನು ಒಂದು ಲೋಟ ನೀರಿನಲ್ಲಿ ಬೆರೆಸಿ, ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ ದ್ರಾವಣದ ಒಂದೆರಡು ಹನಿ ಹಾಕಿದರೆ ನೀರು ಕಡುನೀಲಿಯಾಗುತ್ತದೆ. ಅದಕ್ಕೆ ನೆಲ್ಲಿಕಾಯಿಯ ರಸವನ್ನು ಹನಿಹನಿಯಾಗಿ ಬಿಡುತ್ತ ಹೋದರೆ ನೀಲಿ ಕರಗಿ ನೀರು ತಿಳಿಯಾಗುತ್ತದೆ. ಇನ್ನೊಂದು ಲೋಟದಲ್ಲಿ ನಿಂಬೆರಸದಿಂದ ಅದೇ ಕೆಲಸ ಮಾಡಿಸಿದರೆ ಹೆಚ್ಚು ಹನಿ ಬೇಕಾಗುತ್ತದೆ. ಹನಿಗಳನ್ನು ಎಣಿಸಿದರೆ ನೀವೂ ಒಂದು ಅಳತೆ ಮಾಡಿದಂತಾಯಿತು. ಆ ನೀರನ್ನು ಮಾತ್ರ ಕುಡಿಯದೆ ಚೆಲ್ಲಿಬಿಡಬೇಕು.

ನಮ್ಮ ಜಿಲ್ಲೆಯಲ್ಲಿ ಇಂಥ ಅಳತೆಗಳು ಬಹಳ ನಡೆದಿವೆ. 1987ರಲ್ಲಿ ಸ್ಥಾಪನೆಯಾದ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ, ಶಿವಮೊಗ್ಗದ ಸಹ್ಯಾದ್ರಿ ವಿಜ್ಞಾನ ಕಾಲೇಜಿನಲ್ಲಿ ಅಧ್ಯಾಪಕರೂ ವಿದ್ಯಾರ್ಥಿಗಳೂ ಮಲೆನಾಡಿನ ಗಿಡ, ಬಳ್ಳಿ, ತೊಗಟೆಗಳನ್ನು, ಮರ ಬಂಡೆಗಳ ಮೇಲೆ ಬೆಳೆಯುವ ಕಲ್ಲುಹೂವುಗಳನ್ನು ಸಹ ಹೀಗೆ ಪರೀಕ್ಷಿಸಿ ಪ್ರಬಂಧಗಳನ್ನು ಪ್ರಕಟಿಸಿದ್ದಾರೆ. ಇದು ಅಲ್ಪ ಕೆಲಸವಲ್ಲ. ಹೆಸರೂ ದಾಖಲಾಗದೆ ಕಾಡಿನೊಂದಿಗೆ ಅಳಿದುಹೋಗಬಹುದಾದ ಸಸ್ಯಗಳ ಬಗ್ಗೆ ಒಂದು ಮೊದಲ ಟಿಪ್ಪಣಿಯಾದರೂ ಉಳಿದಿದೆ. ಆದರೆ ಪ್ರಬಂಧದ ಕೊನೆಯಲ್ಲಿ ಸಾಮಾನ್ಯವಾಗಿ ಕಾಣುವ ‘ಮುಂದಿನ ಅಧ್ಯಯನ ಅಗತ್ಯ’ ಎಂಬ ಸಾಲನ್ನು ಓದದೆ, ನಡುವಿನ ಅಂಕಿಯನ್ನು ಮಾತ್ರ ಕತ್ತರಿಸಿ ಡಬ್ಬಿಗೆ ಅಂಟಿಸುವ ವ್ಯಾಪಾರಕ್ಕೆ ಆ ಅಧ್ಯಾಪಕರು ಹೊಣೆಯಲ್ಲ.

ಈಗ ನಮ್ಮ ಅಂಗಳದ ಒಂದು ವಸ್ತುವನ್ನೇ ತೆಗೆದುಕೊಳ್ಳೋಣ. ಕೊನೆಕೊಯ್ಲಿನ ದಿನಗಳಲ್ಲಿ ಶಿಕಾರಿಪುರ, ಸೊರಬ ತಾಲೂಕುಗಳ ತೋಟದ ಮನೆಗಳಲ್ಲಿ ಹಸಿ ಅಡಿಕೆಯನ್ನು ಸುಲಿದು ಹಂಡೆಯಲ್ಲಿ ಬೇಯಿಸುತ್ತಾರೆ. ಹಂಡೆಯ ನೀರಿನಲ್ಲಿ ಮತ್ತೆ ಮತ್ತೆ ಅಡಿಕೆ ಬೆಂದು, ನೀರು ಕೆಂಪಾಗಿ ಗಟ್ಟಿಯಾಗಿ ಚೊಗರು ಆಗುತ್ತದೆ. ಬೆಂದ ಅಡಿಕೆಗೆ ಬಣ್ಣ, ಹೊಳಪು ಬರುವುದು ಚೊಗರಿನಿಂದ. ಈ ಚೊಗರಿನ ತುಂಬ ಇರುವುದು ಕ್ಯಾಟೆಚಿನ್, ಟ್ಯಾನಿನ್ ಮುಂತಾದ ಪಾಲಿಫಿನಾಲ್‌ಗಳು. ಡಿಪಿಪಿಎಚ್ ದ್ರಾವಣಕ್ಕೆ ಇಂಥದ್ದು ಸ್ವಲ್ಪ ಬಿದ್ದರೂ ಸಾಕು, ನೇರಳೆ ಹೇಳಹೆಸರಿಲ್ಲದಂತೆ ಮಾಸಿಹೋಗುತ್ತದೆ. ಅಡಿಕೆಯ ಸಾರಕ್ಕೆ ಒಳ್ಳೆಯ ಅಂಕಿ ಬಂದಿರುವ ಪ್ರಬಂಧಗಳು ಒಂದೆರಡಲ್ಲ. ಡಬ್ಬಿಯ ಮೇಲಿನ ಅಂಕಿಯೇ ಔಷಧಿಯ ಗುರುತಾದರೆ ಚೊಗರಿನಂಥ ಔಷಧಿ ಇನ್ನೊಂದಿರಬಾರದು.

ಅದೇ ಅಡಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ತನ್ನ 85ನೆಯ ಸಂಪುಟದಲ್ಲಿ, ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತವೆಂಬ ಮೊದಲನೆಯ ವರ್ಗಕ್ಕೆ ಸೇರಿಸಿತು. ತಂಬಾಕು ಬೆರೆಸದ ಎಲೆಯಡಿಕೆಯನ್ನೂ ಅದೇ ವರ್ಗದಲ್ಲಿಟ್ಟಿತು. ಅಡಿಕೆಯನ್ನು ಸದಾ ಜಗಿಯುವವರಲ್ಲಿ ಕೆನ್ನೆಯ ಒಳಪೊರೆ ಗಡುಸಾಗಿ ಬಾಯಿ ತೆರೆಯಲಾಗದ ಕಾಯಿಲೆ ಬರುತ್ತದೆ. ಆರೋಗ್ಯವಂತರ ಬಾಯಿಯೊಳಗೆ ಮೂರು ಬೆರಳು ನೆಟ್ಟಗೆ ಹೋಗುತ್ತವೆ. ಒಂದೇ ಬೆರಳು ಹೋಗುವ, ಅನ್ನದ ತುತ್ತನ್ನು ಕಿವುಚಿ ತೂರಿಸಿಕೊಳ್ಳುವ ಇಪ್ಪತ್ತೈದು ಮೂವತ್ತರ ಪ್ರಾಯದ ಹುಡುಗರು ನಮ್ಮ ಬಳಿಗೆ ಬರುತ್ತಾರೆ. ಅಡಿಕೆಯೇ ಬದುಕಾಗಿರುವ ಸೀಮೆಯಲ್ಲಿ ಇದನ್ನು ಬರೆಯುವುದು ಸುಲಭದ ಮಾತಲ್ಲವೆಂದು ನಮಗೆ ಗೊತ್ತು. ತೋಟ ಮಾಡಿದವರ ತಪ್ಪೇನೂ ಇದರಲ್ಲಿಲ್ಲ. ಆದರೆ ವೈದ್ಯರಾದವರು ಕಂಡ ಬಾಯಿಯನ್ನು ಕಾಣದಂತೆ ಇರಲಾಗುವುದಿಲ್ಲ.

ಹಾಗಾದರೆ ಯಂತ್ರ ಸುಳ್ಳು ಹೇಳಿತೇ? ಇಲ್ಲ. ಅಡಿಕೆಯ ಪಾಲಿಫಿನಾಲ್‌ಗಳು ಮೆಥನಾಲಿನ ಸೀಸೆಯಲ್ಲಿ ಎಲೆಕ್ಟ್ರಾನು ಕೊಟ್ಟದ್ದು ನಿಜ. ಬಾಯಿಯಲ್ಲಿ ನಡೆಯುವುದು ಬೇರೆ ಕಥೆ. ಎಲೆಯಡಿಕೆಗೆ ಸುಣ್ಣ ಸೇರುತ್ತದೆ. ಸುಣ್ಣದ ಕ್ಷಾರದಲ್ಲಿ ಅದೇ ಪಾಲಿಫಿನಾಲ್‌ಗಳು ಆಮ್ಲಜನಕಕ್ಕೆ ಎಲೆಕ್ಟ್ರಾನು ಕೊಟ್ಟು ಸೂಪರಾಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್‌ಗಳನ್ನು ಹುಟ್ಟಿಸುತ್ತವೆ. ಯಾವ ಗುಣದಿಂದ ಅದು ಸೀಸೆಯಲ್ಲಿ ರಕ್ಷಕವಾಗಿ ಕಂಡಿತೋ ಅದೇ ಗುಣದಿಂದ ಬಾಯಿಯಲ್ಲಿ ಭಕ್ಷಕವಾಯಿತು. ಎಲೆಕ್ಟ್ರಾನು ಕೊಡುವ ಕೈ ಯಾರಿಗೆ ಕೊಡುತ್ತದೆ ಎಂಬುದು ಸುತ್ತಲಿನ ಪರಿಸರವನ್ನು ಅವಲಂಬಿಸಿದೆ. ಇದಲ್ಲದೆ ಅಡಿಕೆಯಲ್ಲಿ ಅರೆಕೋಲಿನ್ ಎಂಬ ಕ್ಷಾರತತ್ವವಿದೆ. ಕೆನ್ನೆಯ ಪೊರೆಗೆ ಹಾನಿಮಾಡುವುದರಲ್ಲಿ ಅದರ ಪಾಲಿದೆ. ನೇರಳೆ ಬಣ್ಣದ ಪರೀಕ್ಷೆಗೆ ಅದು ಕಾಣಿಸುವುದೇ ಇಲ್ಲ.

ಚೊಗರಿನಿಂದ ಇನ್ನೊಂದು ಸುಳಿವು ಸಿಗುತ್ತದೆ. ಚೊಗರು ಎಂದರೆ ಒಗರು. ಅಳಲೆಕಾಯಿ, ನೆಲ್ಲಿಕಾಯಿ, ನೇರಳೆಯ ತೊಗಟೆ, ಮತ್ತಿಯ ತೊಗಟೆ, ಕಾಚು, ಪೇರಲದ ಚಿಗುರು, ಹಾಲು ಹಾಕದ ಚಹಾ, ಇವೆಲ್ಲ ಈ ಪರೀಕ್ಷೆಯಲ್ಲಿ ಮುಂದೆ ನಿಲ್ಲುವಂಥವು; ಇವೆಲ್ಲದರಲ್ಲೂ ಒಗರಿದೆ. ಟ್ಯಾನಿನ್ ಇದ್ದಲ್ಲಿ ಒಗರು, ಒಗರು ಇದ್ದಲ್ಲಿ ಬಹುಮಟ್ಟಿಗೆ ಒಳ್ಳೆಯ ಅಂಕಿ. ಯಂತ್ರವು ಹೇಳುವುದರಲ್ಲಿ ಬಹುಪಾಲನ್ನು ನಾಲಗೆಯೇ ಹೇಳಬಲ್ಲುದು ಎಂದರೆ ವಿಜ್ಞಾನಿಗಳು ಕೋಪಿಸಿಕೊಳ್ಳಬಾರದು. ಕಷಾಯ ರಸಕ್ಕೆ ಸ್ತಂಭನ, ವ್ರಣರೋಪಣ ಮೊದಲಾದ ಗುಣಗಳನ್ನು ಹೇಳಿದ ಚರಕ ಸಂಹಿತೆಯೇ, ಅದೊಂದನ್ನೇ ಅತಿಯಾಗಿ ಸೇವಿಸಿದರೆ ಬಾಯಿ ಒಣಗುವುದು, ಹೊಟ್ಟೆಯುಬ್ಬರ, ಮಲಬದ್ಧತೆ ಮುಂತಾದ ತೊಂದರೆಗಳು ಬರುತ್ತವೆ ಎಂದೂ ಹೇಳಿದೆ.

ನಮ್ಮ ಆಯುರ್ವೇದ ವೃತ್ತಿಯವರಲ್ಲಿಯೇ ರಸಾಯನ ಎಂಬ ಪದಕ್ಕೆ ಆಂಟಿಆಕ್ಸಿಡೆಂಟ್ ಎಂದು ಅನುವಾದ ಮಾಡಿ ನಿರಾಳವಾಗುವ ಅಭ್ಯಾಸ ಬೆಳೆದಿದೆ. ನಮಗೆ ಇದು ಸರಿಕಾಣುವುದಿಲ್ಲ. ಚರಕದ ಚಿಕಿತ್ಸಾಸ್ಥಾನದ ಮೊದಲ ಅಧ್ಯಾಯ ರಸಾಯನಕ್ಕೆ ಮೀಸಲು. ಅದರ ನಾಲ್ಕು ಪಾದಗಳಲ್ಲಿ ಮೊದಲನೆಯದಕ್ಕೆ ಅಭಯಾಮಲಕೀಯ ಎಂದು ಹೆಸರು. ಅಭಯಾ ಎಂದರೆ ಅಳಲೆ, ಆಮಲಕ ಎಂದರೆ ನೆಲ್ಲಿ. ಎರಡೂ ನೇರಳೆ ಬಣ್ಣವನ್ನು ಥಟ್ಟನೆ ಮಾಸಿಸುವಂಥವು. ಇಲ್ಲಿಗೆ ಪುಸ್ತಕ ಮುಚ್ಚಿದರೆ ಅನುವಾದ ಸರಿಯೆನಿಸುತ್ತದೆ. ಆದರೆ ಅದೇ ಗ್ರಂಥದಲ್ಲಿ ರಸಾಯನಗಳಲ್ಲಿ ಶ್ರೇಷ್ಠವೆಂದು ಎಣಿಸಿರುವುದು ಹಾಲು ತುಪ್ಪಗಳ ನಿತ್ಯಸೇವನೆಯನ್ನು. ತುಪ್ಪವನ್ನು ಈ ಪರೀಕ್ಷೆಗೆ ಒಡ್ಡಿದರೆ ಅಳಲೆಕಾಯಿಯ ಹತ್ತಿರಕ್ಕೂ ಬರುವುದಿಲ್ಲ. ಅಮೃತಬಳ್ಳಿಯ ಕಾಂಡವೂ ಬರುವುದಿಲ್ಲ. ಅದೇ ಅಧ್ಯಾಯದ ಕೊನೆಯ ಪಾದದಲ್ಲಿ ಆಚಾರ ರಸಾಯನವಿದೆ. ಸತ್ಯ ನುಡಿಯುವುದು, ಕೋಪ ಬಿಡುವುದು, ಹೊತ್ತಿಗೆ ಸರಿಯಾಗಿ ಮಲಗಿ ಏಳುವುದು ಇವನ್ನೂ ರಸಾಯನವೆಂದೇ ಕರೆದಿದ್ದಾರೆ. ಇದನ್ನು ಎಷ್ಟು ನ್ಯಾನೋಮೀಟರಿನಲ್ಲಿ ಅಳೆಯೋಣ? ರಸಾಯನ ಪ್ರಯೋಗಕ್ಕೆ ಮುನ್ನ ಶೋಧನ ಆಗಬೇಕು, ಅಗ್ನಿ ನೋಡಬೇಕು, ವಯಸ್ಸು ನೋಡಬೇಕು ಎಂಬ ನಿಯಮಗಳಿವೆ. ಅವೆಲ್ಲವನ್ನೂ ಬಿಟ್ಟು ಒಂದು ಅಂಕಿಗೆ ಇಳಿಸಿದರೆ ಶಾಸ್ತ್ರಕ್ಕೂ ನ್ಯಾಯವಿಲ್ಲ, ವಿಜ್ಞಾನಕ್ಕೂ ನ್ಯಾಯವಿಲ್ಲ.

ಇನ್ನು ನುಂಗಿದ ಸಾರಕ್ಕೆ ದೇಹದಲ್ಲಿ ಆಗುವ ಗತಿ. ಪಾಲಿಫಿನಾಲ್‌ಗಳಲ್ಲಿ ಹೆಚ್ಚಿನವು ಕರುಳಿನಿಂದ ರಕ್ತಕ್ಕೆ ಅಲ್ಪವೇ ಸೇರುತ್ತವೆ; ಸೇರಿದ್ದನ್ನೂ ಯಕೃತ್ತು ಬೇರೆ ರೂಪಕ್ಕೆ ತಿರುಗಿಸಿ ಬೇಗನೆ ಹೊರಹಾಕುತ್ತದೆ. ಸಿ ಜೀವಸತ್ವವನ್ನು ದಿನಕ್ಕೆ 200 ಮಿಲಿಗ್ರಾಂ ಆಸುಪಾಸು ತೆಗೆದುಕೊಳ್ಳುವ ಆರೋಗ್ಯವಂತರ ರಕ್ತದಲ್ಲಿ ಅದರ ಮಟ್ಟ ಹೆಚ್ಚುಕಡಿಮೆ ತುಂಬಿದ ಕೊಡದಂತಿರುತ್ತದೆ. ಅದಕ್ಕಿಂತ ಎಷ್ಟೋ ಪಟ್ಟು ನುಂಗಿದರೂ ರಕ್ತದಲ್ಲಿ ಏರುವುದು ಅಲ್ಪ, ಉಳಿದದ್ದು ಮೂತ್ರದ ಪಾಲು. ಅಮೆರಿಕದ ಆರೆಗಾನ್‌ನಲ್ಲಿ ಲೊಟಿಟೊ ಮತ್ತು ಫ್ರೈ ಎಂಬ ವಿಜ್ಞಾನಿಗಳು 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ನಮಗೆ ಬಹಳ ಬೋಧಪ್ರದವಾಗಿ ಕಂಡಿದೆ. ಆರು ಜನ ಆರೋಗ್ಯವಂತರಿಗೆ ಐದೈದು ಸೇಬು ತಿನ್ನಿಸಿ ರಕ್ತ ಪರೀಕ್ಷಿಸಿದಾಗ ಆಂಟಿಆಕ್ಸಿಡೆಂಟ್ ಅಳತೆ ಏರಿದ್ದು ಕಂಡಿತು. ಕಾರಣ ಹುಡುಕಿದರೆ ಅದು ಸೇಬಿನ ಪಾಲಿಫಿನಾಲ್ ಆಗಿರಲಿಲ್ಲ. ಸೇಬಿನ ಸಿಹಿಯಿಂದ, ಅಂದರೆ ಫ್ರಕ್ಟೋಸಿನಿಂದ, ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಿತ್ತು. ಯೂರಿಕ್ ಆಮ್ಲವೂ ಈ ಪರೀಕ್ಷೆಯ ಕಣ್ಣಿಗೆ ಆಂಟಿಆಕ್ಸಿಡೆಂಟ್. ಕಾಲಿನ ಹೆಬ್ಬೆರಳ ಗಂಟು ಊದಿ ರಾತ್ರಿಯೆಲ್ಲ ನರಳುವ ವಾತರಕ್ತದ ರೋಗಿಯ ಮೈಯಲ್ಲಿ ಹೆಚ್ಚಿರುವುದು ಇದೇ ಆಮ್ಲ.

ಅಳತೆಯ ಅಂಕಿಗಿಂತ ಮುಖ್ಯವಾದ ಸಾಕ್ಷ್ಯವೆಂದರೆ ಮನುಷ್ಯರಿಗೆ ಕೊಟ್ಟು ವರ್ಷಗಟ್ಟಲೆ ಕಾದು ನೋಡಿದ ಪ್ರಯೋಗಗಳು. ಫಿನ್‌ಲೆಂಡಿನಲ್ಲಿ ಧೂಮಪಾನ ಮಾಡುವ 29,133 ಪುರುಷರನ್ನು ಗುಂಪುಗಳಾಗಿ ವಿಂಗಡಿಸಿ, ಕೆಲವು ಗುಂಪಿನವರಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕೆರೋಟಿನ್ ಮಾತ್ರೆ ಕೊಟ್ಟರು. ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾದೀತೆಂಬ ನಿರೀಕ್ಷೆ. 1994ರಲ್ಲಿ ಫಲಿತಾಂಶ ಪ್ರಕಟವಾದಾಗ ಮಾತ್ರೆ ನುಂಗಿದವರಲ್ಲಿ ಆ ಕ್ಯಾನ್ಸರ್ ಶೇಕಡ 18ರಷ್ಟು ಹೆಚ್ಚಾಗಿತ್ತು. ಅಮೆರಿಕದಲ್ಲಿ 18,314 ಜನರ ಮೇಲೆ, ಬೀಟಾ ಕೆರೋಟಿನ್ ಜೊತೆಗೆ ಎ ಜೀವಸತ್ವವನ್ನೂ ಸೇರಿಸಿ ನಡೆಸುತ್ತಿದ್ದ ಇಂಥದೇ ಪ್ರಯೋಗವನ್ನು 1996ರಲ್ಲಿ ಅವಧಿಗೆ 21 ತಿಂಗಳು ಮೊದಲೇ ನಿಲ್ಲಿಸಬೇಕಾಯಿತು. ಅಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡ 28, ಸಾವು ಶೇಕಡ 17 ಹೆಚ್ಚಿದ್ದವು. ಇದನ್ನು ಓದಿ ಯಾರೂ ಗಜ್ಜರಿ, ಪರಂಗಿಹಣ್ಣು ತಿನ್ನುವುದನ್ನು ಬಿಡಬೇಕಾಗಿಲ್ಲ. ಬಿಡಬೇಕಾದದ್ದು ಬೀಡಿ. ತರಕಾರಿಯಲ್ಲಿರುವ ಒಂದು ಅಂಶವನ್ನು ಬಿಡಿಸಿ, ದೊಡ್ಡ ಪ್ರಮಾಣದಲ್ಲಿ ಮಾತ್ರೆ ಮಾಡಿ ನುಂಗಿಸಿದಾಗ ತರಕಾರಿಯ ಫಲ ಬರಲಿಲ್ಲ ಎಂಬುದಷ್ಟೇ ಇಲ್ಲಿಯ ಮಾತು.

ಅಮೆರಿಕದ ಕೃಷಿ ಇಲಾಖೆಯು ಓರಾಕ್ ಎಂಬ ಇನ್ನೊಂದು ಪರೀಕ್ಷೆಯ ಪ್ರಕಾರ ಹಣ್ಣು, ತರಕಾರಿ, ಸಾಂಬಾರ ಪದಾರ್ಥಗಳ ಅಂಕಿಪಟ್ಟಿಯೊಂದನ್ನು ಪ್ರಕಟಿಸಿತ್ತು. ಕಂಪನಿಗಳು ಆ ಅಂಕಿಗಳನ್ನು ಜಾಹೀರಾತಿಗೆ ಬಳಸತೊಡಗಿದವು. ಸೀಸೆಯೊಳಗಿನ ಅಂಕಿಗೂ ಮನುಷ್ಯನ ಆರೋಗ್ಯಕ್ಕೂ ಸಂಬಂಧ ಸಿದ್ಧವಾಗಿಲ್ಲವೆಂಬ ಕಾರಣವನ್ನು ಕೊಟ್ಟು, 2012ರಲ್ಲಿ ಇಲಾಖೆಯೇ ಆ ಪಟ್ಟಿಯನ್ನು ಹಿಂತೆಗೆದುಕೊಂಡಿತು. ಪಟ್ಟಿ ಹೋದರೂ ಓರಾಕ್ ಅಂಕಿ ಹೊತ್ತ ಹಣ್ಣಿನ ರಸದ ಸೀಸೆಗಳು ಮಾರುಕಟ್ಟೆಯಿಂದ ಹೋಗಿಲ್ಲ.

ಹಾಗೆಂದು ಈ ಪರೀಕ್ಷೆಗಳು ನಿಷ್ಪ್ರಯೋಜಕವಲ್ಲ; ತಕ್ಕ ಜಾಗದಲ್ಲಿ ಬಳಸಿದರೆ ಬಹಳ ಉಪಯುಕ್ತ. ನಮ್ಮ ಹಳ್ಳಿಗಳಲ್ಲಿ ಸ್ತ್ರೀಶಕ್ತಿ ಸಂಘಗಳವರು ನೆಲ್ಲಿಕಾಯಿಯ ಪುಡಿ, ಮುರುಗಲಿನ ಶರಬತ್ತು ಮಾಡುತ್ತಾರೆ. ನೆಲ್ಲಿಯನ್ನು ಬಿಸಿಲಿನಲ್ಲಿ ಒಣಗಿಸಿದ್ದು ಮೇಲೋ ನೆರಳಿನಲ್ಲಿ ಒಣಗಿಸಿದ್ದು ಮೇಲೋ, ಪ್ಲಾಸ್ಟಿಕ್ ಚೀಲದಲ್ಲಿಟ್ಟ ಪುಡಿ ಆರು ತಿಂಗಳಲ್ಲಿ ಎಷ್ಟು ಸತ್ವ ಕಳೆದುಕೊಂಡಿತು, ಕಳೆದ ವರ್ಷದ ಮಾಲಿಗೂ ಈ ವರ್ಷದ ಮಾಲಿಗೂ ವ್ಯತ್ಯಾಸವೆಷ್ಟು ಎಂಬುದನ್ನು ಒಂದೆರಡು ದಿನಗಳಲ್ಲಿ, ಹೆಚ್ಚು ಖರ್ಚಿಲ್ಲದೆ, ಇದೇ ನೇರಳೆ ಬಣ್ಣದಿಂದ ತಿಳಿಯಬಹುದು. ಒಂದೇ ವಸ್ತುವನ್ನು ಅದರೊಂದಿಗೇ ಹೋಲಿಸುವಾಗ ಈ ಅಳತೆ ನಂಬಿಕೆಗೆ ಯೋಗ್ಯ. ನೆಲ್ಲಿಯನ್ನು ಅಳಲೆಗೆ, ಅಳಲೆಯನ್ನು ಅಮೃತಬಳ್ಳಿಗೆ ಹೋಲಿಸಿ ಯಾವುದು ದೊಡ್ಡ ಔಷಧಿ ಎಂದು ತೀರ್ಪು ಕೊಡುವುದಕ್ಕೆ ಅಲ್ಲ. ಎಣ್ಣೆ, ತಿಂಡಿಗಳು ಕಮಟದಂತೆ ಕಾಪಾಡುವ ಅಂಶಗಳನ್ನು ಹುಡುಕುವಲ್ಲಿಯೂ ಇದು ಒದಗುತ್ತದೆ. ಆಂಟಿಆಕ್ಸಿಡೆಂಟ್ ಎಂಬ ವಿಚಾರಕ್ಕೆ ಔಷಧಾಲಯಕ್ಕಿಂತ ಮುಂಚೆ ಎಣ್ಣೆ ಮತ್ತು ರಬ್ಬರಿನ ಉದ್ಯಮಗಳಲ್ಲಿ ಬೆಲೆ ಬಂದದ್ದು ಈ ಕಾರಣಕ್ಕೆ.

ಆದ್ದರಿಂದ ಅಂಕಿಯಿರುವ ಡಬ್ಬಿಯನ್ನು ಯಾರಾದರೂ ಕೈಗಿತ್ತರೆ ಕೆಲವು ಪ್ರಶ್ನೆಗಳನ್ನು ಕೇಳಿ. ಯಾವ ಪರೀಕ್ಷೆಯ ಅಂಕಿ ಇದು? ಪುಡಿಯದ್ದೋ ಸಾರದ್ದೋ? ನೀರಿನ ಸಾರವೋ ಮೆಥನಾಲಿನದ್ದೋ? ಈ ವಸ್ತುವನ್ನು ಈ ರೋಗವಿರುವ ಮನುಷ್ಯರಿಗೆ ಕೊಟ್ಟು ನೋಡಿದ್ದಾರೆಯೇ? ಕೊನೆಯ ಪ್ರಶ್ನೆಗೆ ಉತ್ತರ ಬರುವುದು ಅಪರೂಪ. ಸಕ್ಕರೆ ಕಾಯಿಲೆಗೆ ಒಗ್ಗುವ ಮೂಲಿಕೆಗಳು ನಮ್ಮ ಶಾಸ್ತ್ರದಲ್ಲಿ ಇವೆ. ಆದರೆ ಅವುಗಳ ಫಲವನ್ನು ರಕ್ತದ ಸಕ್ಕರೆ ಅಳೆದು, ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ ನೋಡಬೇಕೇ ಹೊರತು ಡಿಪಿಪಿಎಚ್ ಅಂಕಿಯಿಂದಲ್ಲ. ಮಾತ್ರೆಯ ಪ್ರಮಾಣವನ್ನು ಇಳಿಸುವುದಿದ್ದರೂ ಆ ಅಳತೆಗಳನ್ನು ನೋಡಿಕೊಂಡು ವೈದ್ಯರೇ ಇಳಿಸಬೇಕು.

ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಇನ್ನೂ ಎಚ್ಚರವಾಗಿರಬೇಕು. ವಿಕಿರಣ ಚಿಕಿತ್ಸೆ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವುದು ಬಹುಪಾಲು ಮುಕ್ತ ರಾಡಿಕಲ್‌ಗಳನ್ನು ಹುಟ್ಟಿಸಿಯೇ. ಆ ದಿನಗಳಲ್ಲಿ ಸಾಂದ್ರವಾದ ಆಂಟಿಆಕ್ಸಿಡೆಂಟ್ ಮಾತ್ರೆ, ಸಾರಗಳನ್ನು ಮನೆಯವರು ಪ್ರೀತಿಯಿಂದ ತಂದುಕೊಟ್ಟರೂ, ಚಿಕಿತ್ಸೆ ನೀಡುತ್ತಿರುವ ವೈದ್ಯರಿಗೆ ಡಬ್ಬಿಯನ್ನೇ ಒಯ್ದು ತೋರಿಸದೆ ಆರಂಭಿಸಬಾರದು. ಊಟದಲ್ಲಿ ಬರುವ ನೆಲ್ಲಿಕಾಯಿ ಚಟ್ನಿಗೆ, ಸೊಪ್ಪಿಗೆ ಈ ಮಾತು ಅನ್ವಯಿಸುವುದಿಲ್ಲ.

ಕೊನೆಯದಾಗಿ ನಮ್ಮ ತಾಯಂದಿರಿಗೆ ಸಂಬಂಧಿಸಿದ ಒಂದು ವಿಷಯ. ಹಸಿ ಅಡಿಕೆ ಸುಲಿಯುವ ಮೆಟ್ಟುಗತ್ತಿ ಒಂದೇ ದಿನದಲ್ಲಿ ಕಪ್ಪಾಗುವುದನ್ನು ಎಲ್ಲರೂ ನೋಡಿದ್ದಾರೆ. ಅಡಿಕೆಯ ಟ್ಯಾನಿನ್ ಕತ್ತಿಯ ಕಬ್ಬಿಣವನ್ನು ಹಿಡಿದುಕೊಂಡು ಆದ ಕಪ್ಪು ಅದು. ಒಗರಾದ ಕಷಾಯ, ಕಡು ಚಹಾ, ‘ಆಂಟಿಆಕ್ಸಿಡೆಂಟ್ ಚಹಾ’ ಎಂಬ ಹೆಸರಿನ ಪುಡಿಗಳು ಕರುಳಿನಲ್ಲಿಯೂ ಇದೇ ಕೆಲಸ ಮಾಡುತ್ತವೆ. ಊಟದಲ್ಲಿನ ಕಬ್ಬಿಣವನ್ನು ಹಿಡಿದಿಟ್ಟು ರಕ್ತಕ್ಕೆ ಸೇರಗೊಡುವುದಿಲ್ಲ. ರಕ್ತಹೀನತೆಗೆ ಕಬ್ಬಿಣದ ಮಾತ್ರೆ ತೆಗೆದುಕೊಳ್ಳುವ ಗರ್ಭಿಣಿಯರು, ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವ ಹೆಣ್ಣುಮಕ್ಕಳು ಇಂಥ ಪಾನೀಯಗಳನ್ನು ಊಟದ ಜೊತೆಗೂ ಮಾತ್ರೆಯ ಜೊತೆಗೂ ಕುಡಿಯದೆ, ನಡುವೆ ಎರಡು ಗಂಟೆಯ ಅಂತರವಿಡಬೇಕು. ಮಾತ್ರೆಯನ್ನು ನಿಂಬೆಹಣ್ಣಿನ ಪಾನಕದೊಂದಿಗೆ ತೆಗೆದುಕೊಳ್ಳಬಹುದು.